ಹಳದಿ ಮುಚ್ಚಳಕ್ಕೊಂದು ಕೈ

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕೈಗುಣದಕ್ಕ ಅಂತಲೇ ಕರೆಯುತ್ತಿದ್ದರು. ಕತ್ತಿಗೆ ಹಾಕಿಕೊಳ್ಳುವ ಗುರುತಿನ ಚೀಟಿಯಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವಳೇ ಒಂದು ಗಳಿಗೆ, ಇನ್ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಅತ್ತಿತ್ತ ನೋಡುತ್ತಿದ್ದಳು. ಕೈಗುಣದಕ್ಕ ಎಂದರೆ ಮಾತ್ರ ಕತ್ತು ತಾನಾಗಿ ತಿರುಗುತ್ತಿತ್ತು. ಅದರಲ್ಲಿ ಸ್ವಲ್ಪ ಜಂಬವೂ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವಳ ಕೆಲಸ ರಕ್ತದ ತಯಾರಿ. ಬೇರೆಯವರ ಕಿಡ್ನಿಯನ್ನೋ ಲಿವರನ್ನೋ ಹಾಕಿಸಿಕೊಂಡವರು ಬದುಕಿರುವ ತನಕ ಒಂದು ಮಾತ್ರೆ ನುಂಗಬೇಕು. ಮಾತ್ರೆಯ ಅಂಶ ರಕ್ತದಲ್ಲಿ ಕಡಿಮೆಯಾದರೆ, ಮೈ ಆ ಅಂಗವನ್ನು ಹೊರಗಿನದು ಎಂದು ಗುರುತು ಹಿಡಿದು ಜಗಳಕ್ಕೆ ನಿಲ್ಲುತ್ತದೆ. ಹೆಚ್ಚಾದರೆ ಮಾತ್ರೆಯೇ ಅಂಗವನ್ನು ಕೆಡಿಸುತ್ತದೆ. ಅದಕ್ಕೆಂದೇ ಆಗಾಗ ರಕ್ತ ತೆಗೆದು, ಔಷಧಿ ಎಷ್ಟಿದೆ ಎಂದು ಅಳೆದು, ಡಾಕ್ಟರು ಡೋಸನ್ನು ಏರಿಸುತ್ತಾರೆ, ಇಲ್ಲವೇ ಇಳಿಸುತ್ತಾರೆ. ಅಳೆಯುವುದು ಒಳಕೋಣೆಯ ಯಂತ್ರ. ಅದು ರಕ್ತದ ಸಾರವನ್ನು ಕೂದಲೆಳೆಯಂಥ ಕೊಳವೆಯಲ್ಲಿ ಹರಿಸಿ, ಅದರಲ್ಲಿರುವುದನ್ನು ಬೇರೆ ಬೇರೆ ಮಾಡಿ, ಅಣುಗಳನ್ನು ತೂಗಿ, ಇಂಥದ್ದು ಇಷ್ಟಿದೆ ಎನ್ನುತ್ತದೆ. ಆದರೆ ಹಸಿ ರಕ್ತವನ್ನು ಹಾಗೇ ಕೊಟ್ಟರೆ ಕೊಳವೆ ಕಟ್ಟಿಕೊಂಡು ಕೂರುತ್ತದೆ. ಆದ್ದರಿಂದ ಮೊದಲು ಟ್ಯೂಬನ್ನು ನಿಧಾನಕ್ಕೆ ತಲೆಕೆಳಗು ಮಾಡಿ ಮಾಡಿ ರಕ್ತ ಕಲೆಸಬೇಕು. ಪಿಪೆಟ್ಟಿನಲ್ಲಿ ಹನಿಯಷ್ಟು ತೆಗೆಯಬೇಕು. ದ್ರಾವಣ ಬೆರೆಸಿ ಹಾಲು ಒಡೆಸಿದಂತೆ ಅದನ್ನು ಒಡೆಸಬೇಕು. ಗಿರ್ರೆಂದು ತಿರುಗಿಸಿ ಗಸಿ ಕೂರಿಸಿ, ಮೇಲಿನ ತಿಳಿಯನ್ನು ಮಾತ್ರ ಪುಟ್ಟ ಸೀಸೆಗೆ ಇಳಿಸಬೇಕು. ಇಷ್ಟೂ ಅಕ್ಕನ ಕೈಯ ಕೆಲಸ.

ಒಳಕೋಣೆಯ ಯಂತ್ರ ನೋಡಿಕೊಳ್ಳುವವನಿಗೆ ಗ್ರಾಫಪ್ಪ ಎಂದು ಹೆಸರು. ದಿನವಿಡೀ ಪರದೆಯ ಮೇಲೇಳುವ ಗ್ರಾಫಿನ ಗುಡ್ಡಗಳನ್ನು ನೋಡುತ್ತ ಕೂತು ಅವನ ಬೆನ್ನೂ ಗುಡ್ಡವಾಗಿತ್ತು. ಕೈಗುಣದಕ್ಕ ಎಂದು ಮೊದಲು ಕರೆದವನು ಅವನೇ. ಅದಕ್ಕೆ ಕಾರಣ ಹಳದಿ ಮುಚ್ಚಳದ ಟ್ಯೂಬುಗಳು. ರೋಗಿಗಳ ಬಿಳಿ ಮುಚ್ಚಳದ ಟ್ಯೂಬುಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಇರುತ್ತಿತ್ತು. ಅದಕ್ಕೆ ಕ್ಯೂಸಿ ಅನ್ನುತ್ತಾರೆ. ಅದರೊಳಗಿನ ರಕ್ತದಲ್ಲಿ ಔಷಧಿ ಎಷ್ಟಿದೆ ಎಂಬುದು ಮೊದಲೇ ಗೊತ್ತು. ಲ್ಯಾಬು ಸರಿಯಾಗಿ ಅಳೆಯುತ್ತಿದೆಯೋ ಇಲ್ಲವೋ ಎಂದು ನೋಡಲಿಕ್ಕೆ ಇಡುವ ರಕ್ತ ಅದು, ಯಾವ ರೋಗಿಯದೂ ಅಲ್ಲ. ಹಳದಿಯ ನಂಬರು ಸರಿ ಬಂದರೆ ಅಂದಿನದೆಲ್ಲ ಸರಿ ಎಂದು ಲೆಕ್ಕ. ತಪ್ಪಿದರೆ ಎಲ್ಲವನ್ನೂ ಮೊದಲಿಂದ ಮಾಡಬೇಕು. ಅಕ್ಕ ಮಾಡಿದ ಹಳದಿ ತಪ್ಪಿದ್ದನ್ನು ಗ್ರಾಫಪ್ಪ ಕಂಡಿರಲಿಲ್ಲ. ಬೇರೆ ಊರಿನ ಲ್ಯಾಬಿನವರು ಬಂದಾಗ ಮುಖ್ಯಸ್ಥೆ ಮೇಡಂ ಮೊದಲು ತೋರಿಸುತ್ತಿದ್ದದ್ದು ಹಳದಿಯ ಗ್ರಾಫನ್ನು, ಆಮೇಲೆ ಅಕ್ಕನನ್ನು.

ಮನೆಯಲ್ಲಿ ಇದ್ದದ್ದು ಮೂರು ಜನ. ಅಕ್ಕ, ಅವಳ ಗಂಡ, ಗಂಡನ ತಂಗಿ. ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಅಂಗಡಿ ಕೆಳಗೆ, ಮನೆ ಮೇಲೆ. ನಾದಿನಿ ಮದುವೆಯ ಗೋಜಿಗೆ ಹೋದವಳಲ್ಲ. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಗೋಡೆಗೆ ಬಣ್ಣದ ಚಿತ್ರ ಅಂಟಿಸಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಬೆಳಗಾದರೆ ಮೆಟ್ಟಿಲ ಮೇಲೆ ಪುಟಾಣಿ ಚಪ್ಪಲಿಗಳ ಸಂತೆ. ಯಾವ ಮಗು ಬಲಗಡೆ ಮಲಗಿದರೆ ಅಳುತ್ತದೆ, ಯಾವುದು ಹಸಿದಾಗ ಕಿವಿ ಎಳೆದುಕೊಳ್ಳುತ್ತದೆ ಎಂಬುದೆಲ್ಲ ಅವಳ ಬಾಯಲ್ಲಿತ್ತು. ಅಕ್ಕನಿಗೆ ಮಕ್ಕಳಿರಲಿಲ್ಲ. ಲ್ಯಾಬಿನಿಂದ ಬಂದವಳು ಚೀಲ ಇಳಿಸುವ ಮೊದಲು ಆ ಕೋಣೆಗೆ ಇಣುಕದೆ ಒಳಗೆ ಹೋಗುತ್ತಿರಲಿಲ್ಲ.

ನಾದಿನಿಯ ಕಿಡ್ನಿಗಳು ಕೈಕೊಟ್ಟಾಗ ಅವಳ ಅಣ್ಣ, ಅಂದರೆ ಅಕ್ಕನ ಗಂಡ, ತನ್ನದೊಂದನ್ನು ಕೊಟ್ಟ. ಅಕ್ಕ ಒಪ್ಪಿದ್ದಳು, ಮನಸಾರೆ ಒಪ್ಪಿದ್ದಳು. ಆದರೆ ಒಪ್ಪಿದ್ದನ್ನು ಮರೆತಿರಲಿಲ್ಲ. ಗಂಡ ಭಾರದ ಯಂತ್ರವೊಂದನ್ನು ಎತ್ತಿ "ಉಸ್ಸ್" ಎಂದರೆ ಸಾಕು, ಅವಳ ಕಣ್ಣು ಅವನ ಪಕ್ಕೆಗೆ ಹೋಗಿ, ಅಲ್ಲಿಂದ ನಾದಿನಿಯ ಕಡೆಗೆ ಹೊರಳುತ್ತಿತ್ತು.

ಆಪರೇಷನ್ ಆದ ಮೊದಲ ವರ್ಷ ಎಲ್ಲ ಸುಸೂತ್ರ. ಆಮೇಲೆ ನಾದಿನಿಯ ನಂಬರು ಒಂದು ಸಲ ಮೇಲೆ, ಒಂದು ಸಲ ಕೆಳಗೆ ಕುಣಿಯತೊಡಗಿತು. ಡಾಕ್ಟರು ಡೋಸು ಏರಿಸಿದರು. ಮುಂದಿನ ಸಲ ಆಕಾಶಕ್ಕೆ ಹೋಯಿತು. ಇಳಿಸಿದರು, ಪಾತಾಳಕ್ಕೆ ಬಿತ್ತು. ಕೊನೆಗೆ ಡಾಕ್ಟರು ಕನ್ನಡಕ ತೆಗೆದಿಟ್ಟು, "ಮಾತ್ರೆ ತಪ್ಪಿಸ್ತಾ ಇಲ್ಲ ತಾನೆ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ, ಒಂದು ದಿನಾನೂ ತಪ್ಪಿಸಿಲ್ಲ" ಎಂದಳು ನಾದಿನಿ.

ಪಕ್ಕದಲ್ಲಿ ಕೂತಿದ್ದ ಅಕ್ಕ ಆಸ್ಪತ್ರೆಯಲ್ಲಿ ಬಾಯಿ ಬಿಡಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಶುರು ಮಾಡಿದಳು.

"ನೋಡು, ಡಾಕ್ಟ್ರ ಮುಂದೆ ಏನಾದ್ರೂ ಹೇಳು. ನನ್ನ ಮುಂದೆ ಹೇಳ್ಬೇಡ. ಆ ನಂಬರು ಬರೋದು ನಮ್ಮ ಲ್ಯಾಬಿಂದ. ನನ್ನ ಕೈ ದಾಟಿ ಬರೋ ನಂಬರದು. ಮನುಷ್ಯರು ಸುಳ್ಳು ಹೇಳ್ಬಹುದು, ಅದು ಹೇಳಲ್ಲ."

"ನಾನ್ಯಾಕೆ ಸುಳ್ಳು ಹೇಳ್ಲಿ ಅತ್ತಿಗೆ? ದಿನಾ ತಗೋತಿದ್ದೀನಿ."

"ಮಕ್ಕಳ ಗಲಾಟೇಲಿ ಮರೆತಿರ್ತೀಯ. ಮರೆತೆ ಅಂತ ಒಪ್ಕೊಂಡ್ರೆ ಯಾರೂ ನಿನ್ನ ತಲೆ ತೆಗೆಯಲ್ಲ. ಒಳಗಿರೋದು ನಿಮ್ಮಣ್ಣನ ಕಿಡ್ನಿ ಕಣೇ. ಬೀದೀಲಿ ಬಿದ್ದಿದ್ದಲ್ಲ."

ಆ ಕೊನೆಯ ಮಾತಿಗೆ ಯಾರು ತಾನೆ ಏನು ಹೇಳಿಯಾರು? ಅಕ್ಕನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಆಡಿದ್ದಳು.

ಮೊದಲು ವಾರದ ಮಾತ್ರೆಗಳನ್ನು ದಿನಕ್ಕೊಂದು ಖಾನೆಯಂತೆ ಇಡುವ ಡಬ್ಬಿ ಬಂತು. ನಂಬರು ಮತ್ತೆ ಕುಣಿಯಿತು. ಆಮೇಲೆ ಅಕ್ಕ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ತಾನೇ ಮಾತ್ರೆ ಕೈಗಿಟ್ಟು, ನೀರು ಕೊಟ್ಟು, ಮುಂದೆ ನಿಂತಳು. ಆದರೂ ಕುಣಿಯಿತು. ಇಲ್ಲಿಗಾದರೂ ಅವಳಿಗೆ ಅನುಮಾನ ಬರಬೇಕಿತ್ತು. ಬಂತು, ಆದರೆ ನಂಬರಿನ ಮೇಲಲ್ಲ. ಇವಳು ಮಾತ್ರೆಯನ್ನು ದವಡೆಯಲ್ಲಿ ಒತ್ತರಿಸಿಟ್ಟುಕೊಂಡು ಆಮೇಲೆ ಉಗಿಯುತ್ತಿದ್ದಾಳೆ ಎಂದುಕೊಂಡಳು. ಮಾರನೆಯ ದಿನದಿಂದ, "ಆ ಅನ್ನು. ನಾಲಿಗೆ ಎತ್ತು" ಎಂದು ಬಾಯಿ ತೆರೆಸಿ ನೋಡತೊಡಗಿದಳು. ಮುಂದಿನ ಕೋಣೆಯಲ್ಲಿ ಮಕ್ಕಳು ಆಟ ನಿಲ್ಲಿಸಿ ನೋಡುತ್ತಿದ್ದರು. ಒಂದು ಮಗು ತಾನೂ ಓಡಿ ಬಂದು ಅಕ್ಕನ ಮುಂದೆ ನಿಂತು ಬಾಯಿ ತೆರೆಯಿತು. ಎಲ್ಲರೂ ನಕ್ಕರು. ನಾದಿನಿಯೂ ನಕ್ಕಳು, ಬಾಯಿ ಮುಚ್ಚಿಕೊಂಡು.

ಮಗುವನ್ನು ಬಿಡಲು ಬಂದ ತಾಯಿಯೊಬ್ಬಳು ಇದನ್ನು ಕಂಡು ಏನೆಂದು ಕೇಳಿದಾಗ ಅಕ್ಕ, "ಏನ್ ಮಾಡೋದು, ಮರೆವು. ಕೈಗೆ ಕೊಟ್ರೂ ನುಂಗಲ್ಲ" ಎಂದು ಮೆಟ್ಟಿಲ ಮೇಲೆಯೇ ಹೇಳಿದ್ದಳು. ಆ ತಾಯಿ ಮುಂದಿನ ತಿಂಗಳಿಂದ ಮಗುವನ್ನು ಕಳಿಸಲಿಲ್ಲ.

ಮತ್ತೊಂದು ಸಲ ನಂಬರು ಬಿದ್ದ ದಿನ ಅಣ್ಣನೂ ಸಿಟ್ಟಾದ. ಸಾಧು ಮನುಷ್ಯ, ದನಿ ಏರಿಸಿದವನಲ್ಲ. ಅಂದು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿ, "ಪುಟ್ಟಿ, ಬೇಡವಾಗಿದ್ರೆ ಅವತ್ತೇ ಬೇಡ ಅನ್ಬೇಕಿತ್ತು" ಎಂದುಬಿಟ್ಟ. ನಾದಿನಿ ಅಣ್ಣನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು.

"ಹೂಂ. ನಾನೇ ಮರೀತಿರ್ಬೇಕು. ಒಂದೊಂದ್ಸಲ ಬಾಯಿಂದ ಬಿದ್ದು ಹೋಗಿರುತ್ತೇನೋ, ನನಗೇ ಗೊತ್ತಾಗಿರಲ್ಲ" ಎಂದಳು.

"ಇದನ್ನ ಮೊದಲೇ ಹೇಳಿದ್ರೆ ಎಷ್ಟು ಸುಲಭ ಇತ್ತು" ಎಂದು ಅಕ್ಕ ಅವಳ ಬೆನ್ನು ಸವರಿದಳು. ಗೆದ್ದವರ ಸಮಾಧಾನ ಅದು. ಆ ವಾರವೇ ನಾದಿನಿ ಮಕ್ಕಳ ತಾಯಂದಿರಿಗೆಲ್ಲ ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದಳು. ತಾನು ನುಂಗಿದ್ದೇ ತನಗೆ ನೆನಪಿರುವುದಿಲ್ಲ, ಬೇರೆಯವರ ಮಕ್ಕಳನ್ನು ಯಾವ ಧೈರ್ಯದ ಮೇಲೆ ಇಟ್ಟುಕೊಳ್ಳುವುದು ಎಂಬುದು ಅವಳ ಮಾತು. ಚಾಪೆಗಳು ಸುರುಳಿಯಾಗಿ ಅಟ್ಟ ಸೇರಿದವು. ಅಕ್ಕ ಆಗಲೂ ಇದೇ ಒಳ್ಳೆಯದು, ವಿಶ್ರಾಂತಿ ಸಿಗುತ್ತದೆ ಅಂದಳು.

ಹೀಗಿರುವಾಗ ಲ್ಯಾಬಿಗೆ ಹೊಸ ಯಂತ್ರವೊಂದು ಬಂತು.

ಅದು ಅಕ್ಕನ ಕೆಲಸವನ್ನು ತಾನೇ ಮಾಡುವ ಯಂತ್ರ. ದೊಡ್ಡ ಗಾಜಿನ ಪೆಟ್ಟಿಗೆ; ಒಳಗೆ ಹಳಿಯ ಮೇಲೆ ಓಡಾಡುವ ತೋಳು, ತೋಳಿಗೆ ಪಿಪೆಟ್ಟುಗಳ ಸಾಲು. ಬಾಗಿಲ ಚೌಕಟ್ಟನ್ನೇ ಬಿಚ್ಚಿ ಅದನ್ನು ಒಳಗೆ ತರಬೇಕಾಯಿತು. ಜೊತೆಗೆ ಅದನ್ನು ಜೋಡಿಸುವ ಎಂಜಿನಿಯರ್ ಬಂದ, ಮಾತು ಕಡಿಮೆ, ಕೆಮ್ಮು ಹೆಚ್ಚು. ವಾರಗಟ್ಟಲೆ ಅವನು ಅದರ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡಿದ್ದ. ಗ್ರಾಫಪ್ಪ ಅದಕ್ಕೆ ಅಳಿಯ ಎಂದು ಹೆಸರಿಟ್ಟ.

"ಬಂದವನಿಗೆ ಮೂಲೆ ಜಾಗ ಖಾಲಿ ಮಾಡಿ ಕೊಟ್ಟಾಯ್ತು. ತಣ್ಣಗೆ ಎಸಿ. ದಿನಾ ಮೈ ಒರೆಸೋ ಉಪಚಾರ ಬೇರೆ. ಕೆಲಸ ಮಾತ್ರ ಇನ್ನೂ ಶುರು ಮಾಡಿಲ್ಲ. ಅಳಿಯ ಅಲ್ದೆ ಇನ್ನೇನು ಅಕ್ಕ?"

ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ನಕ್ಕು, ತನ್ನ ಪಿಪೆಟ್ಟನ್ನು ಯಾರ ಕೈಗೂ ಸಿಗದಂತೆ ಖಾನೆಯೊಳಗೆ ಸರಿಸಿಟ್ಟಳು.

ಅಳಿಯ ಕೊನೆಗೂ ಕೆಲಸಕ್ಕಿಳಿದಾಗ ಮೇಡಂ ಒಂದು ಪರೀಕ್ಷೆ ಇಟ್ಟರು. ಒಂದೇ ಸಾಲಿನ ಟ್ಯೂಬುಗಳನ್ನು ಮೊದಲು ಅಕ್ಕ ತಯಾರು ಮಾಡಬೇಕು, ಆಮೇಲೆ ಯಂತ್ರ. ಎರಡರ ನಂಬರೂ ಹೊಂದಿಕೆಯಾದರೆ ಯಂತ್ರ ಪಾಸು. ಹಳದಿ ಟ್ಯೂಬುಗಳು ಕೈಯಲ್ಲೂ ಯಂತ್ರದಲ್ಲೂ ಒಂದೇ ಬಂದವು. ರೋಗಿಗಳವು ಬರಲಿಲ್ಲ. ಕೆಲವು ಅಕ್ಕನದು ಹೆಚ್ಚು, ಕೆಲವು ಯಂತ್ರದ್ದು ಹೆಚ್ಚು, ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವಿಲ್ಲ.

"ಅಕ್ಕನ ಕೈ ಇಷ್ಟು ವರ್ಷದಲ್ಲಿ ತಪ್ಪಿದ್ದಿಲ್ಲ. ರೋಗಿಗಳ ರಕ್ತ ಅಂಟಂಟು. ಕ್ಯೂಸಿ ಥರ ಇರಲ್ಲ. ನಿಮ್ಮ ಯಂತ್ರಕ್ಕೆ ಅದು ತಿಳೀತಿಲ್ಲ ಅನ್ಸುತ್ತೆ" ಎಂದರು ಮೇಡಂ.

ಎಂಜಿನಿಯರ್ ಪಿಪೆಟ್ಟುಗಳನ್ನು ಬಿಚ್ಚಿ ತೊಳೆದ, ಮತ್ತೆ ಹೊಂದಿಸಿದ, ಮತ್ತೆ ಓಡಿಸಿದ. ಫಲಿತಾಂಶ ಅದೇ. ಇನ್ನೊಂದು ಸಲ ಹೀಗೇ ಬಂದರೆ ವಾಪಸ್ ಕಳಿಸುತ್ತೇನೆ ಎಂದು ಮೇಡಂ ಹೇಳಿಯೂ ಆಯಿತು. ಅಕ್ಕನಿಗೆ ಅಂದು ನೆಲ ಕಾಣಲಿಲ್ಲ. ತಾನೇ ಎಂಜಿನಿಯರ್‌ಗೆ ಚಹಾ ತಂದುಕೊಟ್ಟು, "ಬೇಜಾರು ಮಾಡ್ಕೋಬೇಡಿ. ಕೆಲವು ಕೆಲಸ ಕೈಗೇ ಸರಿ" ಎಂದು ದೊಡ್ಡ ಮನಸ್ಸು ಮಾಡಿ ಸಮಾಧಾನ ಹೇಳಿದಳು. ಸೋತವರಿಗೆ ಸಮಾಧಾನ ಹೇಳುವುದೆಂದರೆ ಅವಳಿಗೆ ಮೊದಲಿಂದಲೂ ಬಲು ಇಷ್ಟ.

ಆಮೇಲೆ ಕೈಕಟ್ಟಿ ಗಾಜಿನ ಮುಂದೆ ನಿಂತು ಅಳಿಯನ ಕೆಲಸ ನೋಡಿದಳು. ಅಲ್ಲಿಯವರೆಗೆ ಅವಳು ಅದನ್ನು ಸರಿಯಾಗಿ ನೋಡಿರಲೇ ಇಲ್ಲ, ನೋಡಿದರೆ ಮರ್ಯಾದೆ ಕೊಟ್ಟಂತಾದೀತು ಎಂದು. ಯಂತ್ರ ಟ್ಯೂಬುಗಳ ಸಾಲನ್ನು ಹಿಡಿದು ನಿಧಾನಕ್ಕೆ ತಲೆಕೆಳಗು ಮಾಡಿತು, ನೆಟ್ಟಗೆ ಮಾಡಿತು, ಮತ್ತೆ ತಲೆಕೆಳಗು ಮಾಡಿತು. ಬಿಳಿ ಮುಚ್ಚಳ, ಹಳದಿ ಮುಚ್ಚಳ, ಎಲ್ಲ ಒಟ್ಟಿಗೆ. ಮತ್ತೆ, ಮತ್ತೆ. ನೋಡುತ್ತ ನೋಡುತ್ತ ಅವಳಿಗೆ ತಾಳ್ಮೆ ತಪ್ಪಿತು.

"ಅಯ್ಯೋ, ಇನ್ನೆಷ್ಟು ಹೊರಳಿಸುತ್ತೆ ಇದು?"

"ಪೂರ್ತಿ ಕಲೆಯೋವರೆಗೂ ಅಕ್ಕಾ" ಎಂದ ಎಂಜಿನಿಯರ್. "ಟ್ಯೂಬು ನಿಂತಿದ್ರೆ ಕೆಂಪು ಕಣ ಎಲ್ಲ ತಳಕ್ಕೆ ಹೋಗುತ್ತಲ್ಲ. ಈ ಔಷಧಿ ಕೂತಿರೋದು ಅದರಲ್ಲೇ."

"ಅದು ಗೊತ್ತು ಮಾರಾಯ. ಅಷ್ಟೊಂದು ಹಳದಿಗೆ ಮಾತ್ರ ಸಾಕು."

ಮಾತು ಬಾಯಿಂದ ಹೊರಬಿದ್ದಿತ್ತು. ಎಂಜಿನಿಯರ್ ಕೆಮ್ಮುತ್ತ, "ಏನಂದ್ರಿ?" ಎಂದ. "ಏನಿಲ್ಲ" ಎಂದಳು ಅಕ್ಕ. ಅವನು ಮತ್ತೆ ಕೇಳಲಿಲ್ಲ. ಅವಳು ಮಾತ್ರ ತಾನಾಡಿದ್ದನ್ನು ತಾನೇ ಕೇಳಿಸಿಕೊಂಡು ನಿಂತುಬಿಟ್ಟಳು.

ಅಷ್ಟೊಂದು ಹಳದಿಗೆ ಮಾತ್ರ ಸಾಕು. ಹೌದು, ಅವಳು ಮಾಡುತ್ತಿದ್ದದ್ದು ಹಾಗೆಯೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಲ್ಲ ಟ್ಯೂಬಿಗೂ ಒಂದೇ ಕೈ ಇತ್ತು. ಬರಬರುತ್ತ ಟ್ಯೂಬುಗಳು ಹೆಚ್ಚಾದವು, ಮಣಿಕಟ್ಟು ನೋಯತೊಡಗಿತು, ಒಳಕೋಣೆಯಿಂದ ಗ್ರಾಫಪ್ಪ "ಅಕ್ಕ, ಆಯ್ತಾ?" ಎಂದು ಕೂಗುವುದು ಹೆಚ್ಚಾಯಿತು. ಸಾಲಿನಲ್ಲಿ ಹಳದಿ ಬಂದಾಗ ಕೈ ತಾನಾಗಿ ನಿಧಾನವಾಗುತ್ತಿತ್ತು. ಎಲ್ಲರೂ ನೋಡುವುದು ಅದನ್ನೇ ಅಲ್ಲವೇ? ಅದನ್ನು ಚೆನ್ನಾಗಿ ಹೊರಳಿಸಿ, ಪಿಪೆಟ್ಟಿನ ತುದಿ ಒರೆಸಿ, ಉಸಿರು ಹಿಡಿದು ತೆಗೆಯುತ್ತಿದ್ದಳು. ಬಿಳಿ ಬಂದರೆ ಎರಡು ಸಲ ಕುಲುಕಿ ಮುಂದಕ್ಕೆ. ಸಕ್ಕರೆ ಹಾಕಿ ಕಲಕದೆ ಕೊಟ್ಟ ಚಹಾದಂತೆ, ಮೇಲಿಂದ ಹೀರಿದವನಿಗೆ ಸಪ್ಪೆ, ತಳದಲ್ಲಿ ಸಿಕ್ಕವನಿಗೆ ಬರೀ ಸಿಹಿ. ಇದನ್ನು ಅವಳು ಬೇಕೆಂದು ಮಾಡಿದ್ದಲ್ಲ. ಯಾರೂ ಬೇಡ ಎಂದದ್ದೂ ಇಲ್ಲ. ಯಾರದೂ ಅಲ್ಲದ ರಕ್ತಕ್ಕೆ ಅವಳ ಕೈಗುಣವೆಲ್ಲ ಹೋಗಿತ್ತು. ಮನುಷ್ಯರ ರಕ್ತಕ್ಕೆ ಮಿಕ್ಕಿದ್ದು ಸಿಕ್ಕಿತ್ತು.

ಆಗ ನಾದಿನಿಯ ನೆನಪಾಯಿತು. ನೆನಪಾಯಿತು ಅನ್ನುವುದಕ್ಕಿಂತ, ಯಾರೋ ಮುಖಕ್ಕೆ ಬೀಸಿ ಹೊಡೆದಂತಾಯಿತು.

ಲ್ಯಾಬಿಗೆ ಬರುವ ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ನಾದಿನಿಯ ಟ್ಯೂಬು ಯಾವುದೆಂದು ಅವಳು ಯಾವತ್ತೂ ಹುಡುಕಿದವಳಲ್ಲ. ಹಾಗೆ ಹುಡುಕುವುದು ನಿಯಮಕ್ಕೆ ವಿರುದ್ಧ ಎಂಬ ನೆಟ್ಟಗಿನ ಮನಸ್ಸು ಅವಳದು. ಅಂದು ನಿಯಮವನ್ನು ಬದಿಗಿಟ್ಟಳು. ಮನೆಯಲ್ಲಿ ಬೈಯುವ ಮೊದಲು ಹತ್ತಾರು ಸಲ ನೋಡಿದ ರಿಪೋರ್ಟಿನ ಮೇಲಿದ್ದ ಟ್ಯೂಬಿನ ನಂಬರು ತಲೆಯಲ್ಲೇ ಇತ್ತು. ತಂಪುಕೋಣೆಗೆ ಹೋಗಿ, ಹಳೆಯ ಟ್ಯೂಬುಗಳ ಹಲಗೆಯಿಂದ ಅದನ್ನು ಹುಡುಕಿ ತೆಗೆದಳು. ಕೆಂಪು ತಳದಲ್ಲಿ ಮಂದವಾಗಿ ಕೂತು ಮೇಲೆ ಹಳದಿ ನೀರು ನಿಂತಿತ್ತು. ಅದನ್ನು ತಂದು ಅಳಿಯನ ಸಾಲಿನಲ್ಲಿಟ್ಟು, "ಇದೊಂದನ್ನೂ ಸೇರಿಸ್ಕೊಳ್ಳಿ" ಎಂದಳು. ಆಮೇಲೆ ಗ್ರಾಫಪ್ಪನ ಬೆನ್ನ ಹಿಂದೆ ನಿಂತಳು.

ನಂಬರು ಬಂತು. ಡಾಕ್ಟರು ಎಲ್ಲಿರಬೇಕು ಎನ್ನುತ್ತಿದ್ದರೋ ಸರಿಯಾಗಿ ಅಲ್ಲಿತ್ತು. ಅವಳ ಕೈಯಲ್ಲಿ ಅದೇ ಟ್ಯೂಬು ಅದರ ಅರ್ಧಕ್ಕೂ ಬಂದಿರಲಿಲ್ಲ. ಆ ಅರ್ಧವನ್ನು ನೋಡಿಯೇ ಅಣ್ಣ ಸ್ಕ್ರೂಡ್ರೈವರ್ ಕುಕ್ಕಿದ್ದು.

"ಇದು ಯಾರದು ಅಕ್ಕ?" ಎಂದು ಗ್ರಾಫಪ್ಪ ಕೇಳಿದ.

"ಒಬ್ಬರು ಪೇಷಂಟಿಂದು" ಎಂದಳು.

ಮೇಡಂ ಹತ್ತಿರ ಹೇಳುವುದು ಅವಳು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಬಾಗಿಲು ತಳ್ಳಿಕೊಂಡು ಹೋಗಿ ನಿಂತೇ ಹೇಳಿದಳು. "ಯಂತ್ರ ಸರಿಯಾಗಿದೆ ಮೇಡಂ. ನಾನು ಸರಿ ಇಲ್ಲ."

"ಕ್ಯೂಸಿ ಅಷ್ಟು ಚೆನ್ನಾಗಿ ಬರ್ತಿತ್ತಲ್ಲ?"

"ಅದನ್ನ ಮಾತ್ರ ಚೆನ್ನಾಗಿ ಮಾಡ್ತಿದ್ದೆ."

ಮೇಡಂ ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ಇಟ್ಟಿದ್ದ ಹಳದಿಯ ಗ್ರಾಫಿನ ಕಡೆ ನೋಡಿದರು. ಅವರೂ ಆ ಹಳದಿಯನ್ನಲ್ಲದೆ ಬೇರೇನನ್ನೂ ನೋಡಿದವರಲ್ಲ, ಆದ್ದರಿಂದ ಬೈಯಲಿಕ್ಕೆ ಅವರಿಗೂ ಬಾಯಿ ಬರಲಿಲ್ಲ. ಕೊನೆಗೆ, ಆಸ್ಪತ್ರೆಗೆ ತಿಳಿಸುತ್ತೇನೆ, ಎಲ್ಲ ರೋಗಿಗಳ ರಕ್ತವನ್ನೂ ಮತ್ತೆ ತರಿಸಿ ಯಂತ್ರದಲ್ಲಿ ಮಾಡೋಣ ಎಂದರು. "ಲ್ಯಾಬಿನ ವಿಧಾನದಲ್ಲಿ ದೋಷ ಇತ್ತು ಅಂತ ಹೋಗುತ್ತೆ. ಯಾರ ಹೆಸರೂ ಬರಲ್ಲ. ನೀವು ತಲೆ ಕೆಡಿಸ್ಕೋಬೇಡಿ."

ಯಾರ ಹೆಸರೂ ಬರಲ್ಲ ಎಂಬ ಮಾತು ಕೇಳಿ ಅಕ್ಕನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಮರುಕ್ಷಣ, ಇಳಿದದ್ದಕ್ಕೇ ನಾಚಿಕೆಯಾಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಇವತ್ತೇ ಹೇಳಿಬಿಡಬೇಕು ಎಂದುಕೊಂಡಳು. ಮೆಟ್ಟಿಲು ಹತ್ತುವಾಗ ನಾಳೆ ಎಂದುಕೊಂಡಳು. ಬಾಗಿಲು ತೆರೆದ ನಾದಿನಿ ಎಂದಿನಂತೆ ನೀರಿನ ಲೋಟ, ಮಾತ್ರೆ ಹಿಡಿದು ಕಾಯುತ್ತಿದ್ದಳು. ನುಂಗಿ, ಯಾರೂ ಹೇಳದಿದ್ದರೂ ಬಾಯಿ ತೆರೆದು ನಾಲಿಗೆ ಎತ್ತಿದಳು. ಅಕ್ಕ ಬೇರೆ ಕಡೆ ನೋಡಿದಳು.

"ನೋಡಿಲ್ಲ ನೀವು" ಎಂದಳು ನಾದಿನಿ.

"ನೋಡಿದೆ, ನೋಡಿದೆ" ಎಂದು ಅಕ್ಕ ಒಳಗೆ ಹೋದಳು.

ಹೀಗೆ ದಿನ ಕಳೆದವು. ಲ್ಯಾಬಿನಲ್ಲಿ ಅವಳೀಗ ಅಳಿಯನ ಬಾಯಿಗೆ ಟ್ಯೂಬು ಇಡುವವಳು. ಕೈಗುಣದಕ್ಕ ಎಂದು ಗ್ರಾಫಪ್ಪ ಕರೆದರೆ ಮೊದಲಿನಂತೆ ಕತ್ತು ತಿರುಗುತ್ತಿರಲಿಲ್ಲ. ಮನೆಯಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ನೂರು ಥರ ಜೋಡಿಸಿದಳು. ಪ್ರತಿ ಜೋಡಣೆಯಲ್ಲೂ ಎಲ್ಲೋ ಒಂದು ಕಡೆ ಕೆಲಸದ ಒತ್ತಡ ಬರುತ್ತಿತ್ತು, ಮಣಿಕಟ್ಟಿನ ನೋವು ಬರುತ್ತಿತ್ತು, ಮೇಡಂ ಬರುತ್ತಿದ್ದರು. ಅವನ್ನೆಲ್ಲ ತೆಗೆದರೆ ಉಳಿಯುವ ಮಾತನ್ನು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಡಾಕ್ಟರೇ ಹೇಳಿಬಿಡಲಿ ಎಂದು ಆಸೆಪಟ್ಟದ್ದೂ ಉಂಟು.

ಡಾಕ್ಟರು ಹೇಳಲಿಲ್ಲ. ಹೊಸ ರಿಪೋರ್ಟು ನೋಡಿ, "ಈಗ ನೋಡಿ, ಎಷ್ಟು ಚೆನ್ನಾಗಿದೆ. ಹೀಗೇ ತಗೊಳ್ಳಿ" ಎಂದು ಮುಂದಿನವರನ್ನು ಕರೆದರಂತೆ. ಅಂದು ಅಣ್ಣನೇ ತಂಗಿಯನ್ನು ಕರೆದುಕೊಂಡು ಹೋಗಿದ್ದ. ಬರುವಾಗ ಪೊಟ್ಟಣದಲ್ಲಿ ಸಿಹಿ ತಂದಿದ್ದ. ಅಕ್ಕ ಕೆಲಸ ಮುಗಿಸಿ ಬರುವಷ್ಟರಲ್ಲಿ ಇಬ್ಬರೂ ಮುಂದಿನ ಕೋಣೆಯಲ್ಲಿ ಅವಳಿಗಾಗಿ ಕಾಯುತ್ತ ಕೂತಿದ್ದರು.

"ಬಾ ಬಾ" ಎಂದ ಗಂಡ. "ನಂಬರು ನೆಟ್ಟಗಾಯ್ತು. ನಾನು ಆಗ್ಲೇ ಹೇಳಿರಲಿಲ್ವಾ ಪುಟ್ಟಿ? ನಿಮ್ಮತ್ತಿಗೆ ಕೈಯಿಂದ ಮಾತ್ರೆ ತಗೊಂಡ್ರೆ ಎಲ್ಲ ಸರಿಹೋಗುತ್ತೆ ಅಂತ. ಇವಳ ಕೈಗುಣ ಅಂದ್ರೆ ಸುಮ್ನೆ ಅಲ್ಲ."

ನಾದಿನಿ ಎದ್ದು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ನಿಮಗೆ ಎಷ್ಟು ಕಾಟ ಕೊಟ್ಟೆ ಅತ್ತಿಗೆ. ನೀವು ಬೈದಾಗ ಒಳಗೊಳಗೇ ಸಿಟ್ಟು ಬರ್ತಿತ್ತು. ಬಾಯಿ ತೆರೆಸಿದಾಗಂತೂ ಸತ್ತುಹೋಗೋಣ ಅನ್ನಿಸ್ತಿತ್ತು. ನೀವು ಅಷ್ಟು ಗಟ್ಟಿಯಾಗಿ ನಿಲ್ದಿದ್ರೆ ಅಣ್ಣನ ಕಿಡ್ನೀನ ನಾನೇ ಹಾಳು ಮಾಡ್ಕೋತಿದ್ದೆ. ತಪ್ಪಾಯ್ತು ಅತ್ತಿಗೆ."

ಅಕ್ಕ ಹಿಡಿಯಷ್ಟಾಗಿ ಹೋದಳು. ಇದಕ್ಕಿಂತ ಆ ಡಾಕ್ಟರು ಎಲ್ಲರೆದುರು ಹೆಸರು ಹಿಡಿದು ಉಗಿದಿದ್ದರೆ ಎಷ್ಟೋ ವಾಸಿಯಿತ್ತು. ಕೈ ಬಿಡಿಸಿಕೊಳ್ಳಲು ನೋಡಿದಳು, ನಾದಿನಿ ಬಿಡಲಿಲ್ಲ. ಗಂಡ ಸಿಹಿಯ ತುಂ‍ಡೊಂದನ್ನು ಅವಳ ಬಾಯಿಯ ಹತ್ತಿರ ತಂದ.

"ಬೇಡ ರೀ."

"ತಗೊಳ್ಳೇ, ಮೊದಲು ನಿನಗೇ."

"ಬೇಡ ಅಂದೆನಲ್ಲ." ಅಕ್ಕ ಮುಖ ತಿರುಗಿಸಿದಳು. "ನಾನು ಹೇಳೋದು ಕೇಳಿ ಇಬ್ರೂ. ಇವಳು ಮಾತ್ರೆ ತಪ್ಪಿಸ್ಲೇ ಇಲ್ಲ. ಯಾವತ್ತೂ ತಪ್ಪಿಸಿಲ್ಲ. ತಪ್ಪಿದ್ದು ನಾನು."

ಗಂಡನ ಕೈ ಅಲ್ಲೇ ನಿಂತಿತು. ಅಕ್ಕ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ರಕ್ತ ಕಲೆಸಬೇಕು, ನಾನು ಕಲೆಸುತ್ತಿರಲಿಲ್ಲ, ಹಳದಿಯನ್ನು ಮಾತ್ರ ಕಲೆಸುತ್ತಿದ್ದೆ, ಅದನ್ನು ಎಲ್ಲರೂ ನೋಡುತ್ತಾರೆ ಅಂತ, ಇವಳದನ್ನು ಯಾರೂ ನೋಡುವುದಿಲ್ಲ ಅಂತ, ಇವಳದು ಅಂತ ಗೊತ್ತಿರಲಿಲ್ಲ, ಗೊತ್ತಿದ್ದರೆ ಸರಿಯಾಗಿ ಕಲೆಸುತ್ತಿದ್ದೆ, ಅದು ಇನ್ನೂ ನಾಚಿಕೆಗೇಡು ಅಂತ, ಹಿಂದೆ ಮುಂದೆ ಎಲ್ಲ ಕಲೆಸಿ ಹೇಳಿದಳು. ಯಂತ್ರ ಬಂದ ಮೇಲೆ ನಂಬರು ಸರಿಯಾಯಿತೇ ಹೊರತು ತನ್ನಿಂದಲ್ಲ ಎಂದಳು. ಗೊತ್ತಾದ ಮೇಲೂ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ ಎಂದೂ ಹೇಳಿದಳು. ಹೇಳುವಾಗ ನೆಲವನ್ನೇ ನೋಡುತ್ತಿದ್ದಳು.

ಗಂಡ ನಿಧಾನಕ್ಕೆ ಕುರ್ಚಿಯಲ್ಲಿ ಕೂತ. ತಂಗಿಯ ಮುಖ ನೋಡುವ ಧೈರ್ಯ ಅವನಿಗೂ ಇರಲಿಲ್ಲ.

ನಾದಿನಿ ಅಕ್ಕನ ಕೈ ಬಿಟ್ಟಿರಲಿಲ್ಲ. ಬಿಡುವುದನ್ನು ಮರೆತಂತೆ ಹಿಡಿದುಕೊಂಡೇ ನಿಂತಿದ್ದಳು.

"ಹಾಗಾದ್ರೆ ನಾನು ನುಂಗ್ತಿದ್ದೆನಾ?"

"ನುಂಗ್ತಿದ್ದೆ."

"ಎಲ್ಲಾನೂ?"

"ಎಲ್ಲಾನೂ ಕಣೇ."

"ನನಗೆ ಮರೆವು ಇಲ್ಲ?"

"ಇಲ್ಲ."

ನಾದಿನಿಯ ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ. ಏನನ್ನೋ ಹುಡುಕಿ ಸಿಗದವಳಂತಿದ್ದಳು.

"ಮತ್ತೆ ಅವತ್ತು ಅಣ್ಣನ ಮುಂದೆ ನಾನು ಹೂಂ ಅಂದೆನಲ್ಲ ಅತ್ತಿಗೆ. ಅದು ಸುಮ್ನೆ ಅಂದಿದ್ದಲ್ಲ. ಮಾತ್ರೆ ಬಾಯಿಂದ ಬಿದ್ದಿದ್ದು ನನಗೆ ನೆನಪಿತ್ತು. ಎಲ್ಲಿ ಬಿತ್ತು, ಯಾವ ಚಾಪೆ ಮೇಲೆ ಬಿತ್ತು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಈಗಲೂ ಇದೆ. ಅದು ಎಲ್ಲಿಂದ ಬಂತು ನನಗೆ?"

ಅಕ್ಕ ತಲೆಯೆತ್ತಿದಳು. "ನನ್ನಿಂದ" ಎಂದಳು. "ದಿನಾ ಹೇಳಿ ಹೇಳಿ ನಾನೇ ತುಂಬಿಸಿದೆ."

"ನಾನು ನಿಮ್ಮನ್ನ ಅಷ್ಟು ನಂಬಿದ್ದೆ" ಎಂದಳು ನಾದಿನಿ.

ಆಗ ಅವಳು ಕೈ ಬಿಟ್ಟಳು.